ಹಿಸ್ಟರಿ ಎಲ್ಲಿದೆ? ನಿಮ್ಮ ಫೋನ್ ಬರೆಯೋ ಮೂರು ಲೆಕ್ಕದ ಪುಸ್ತಕಗಳು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಾ ಇರೋರು, ರಾತ್ರಿ ಅಡುಗೆಮನೆ ಕೆಲಸ ಮುಗಿಸ್ತಾ ಕೇಳ್ತಾ ಇರೋರು, ಹಾಸ್ಟೆಲ್‌ನಲ್ಲಿ ಒಂದೇ ಇಯರ್‌ಫೋನ್ ಇಬ್ಬರು ಹಂಚಿಕೊಂಡಿರೋರು, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಕೇಳೋಕೆ ತುಂಬಾ ಚಿಕ್ಕದು. ಫೋನಲ್ಲಿ ನೀವು ನೋಡಿದ ವೆಬ್‌ಸೈಟ್‌ಗಳ ಪಟ್ಟಿ, ಅಂದ್ರೆ ಬ್ರೌಸಿಂಗ್ ಹಿಸ್ಟರಿ, ಎಲ್ಲಿರುತ್ತೆ? ಅದನ್ನ ಹುಡುಕೋದು ಹೇಗೆ? "ಅಯ್ಯೋ, ಇದಕ್ಕೊಂದು ಎಪಿಸೋಡ್ ಬೇಕಾ, ಮೂರು ಚುಕ್ಕಿ ಒತ್ತಿದ್ರೆ ಆಯ್ತಲ್ಲ" ಅಂತ ನಿಮಗೆ ಅನ್ನಿಸಬಹುದು. ಆದ್ರೆ ಈ ಪ್ರಶ್ನೆ ಯಾರು, ಯಾವ ಹೊತ್ತಲ್ಲಿ ಕೇಳ್ತಾರೆ ಅಂತ ಒಂದ್ಸಲ ಯೋಚನೆ ಮಾಡಿ.

ಒಬ್ಬರು ಕಳೆದ ವಾರ ಒಂದು ನೇಮಕಾತಿ ಅಧಿಸೂಚನೆ ನೋಡಿದ್ರು. ಇವತ್ತು ಕೊನೇ ದಿನ, ಪುಟ ಸಿಗ್ತಾ ಇಲ್ಲ. ಇನ್ನೊಬ್ಬರು ಸ್ಕಾಲರ್‌ಶಿಪ್ ಅಂದ್ಕೊಂಡು ಯಾವುದೋ ಸೈಟಿಗೆ ದುಡ್ಡು ಕಟ್ಟಿದ್ರು. ಈಗ ಅನುಮಾನ ಬಂದಿದೆ, ಯಾವ ಸೈಟು ಅಂತಾನೇ ನೆನಪಿಲ್ಲ. ಮೂರನೆಯವರ ಕಥೆ ಬೇರೆ. ಅವರ ಫೋನು ಅವರ ಕೈಯಲ್ಲಿ ಇರೋದಕ್ಕಿಂತ ಅಣ್ಣನ ಕೈಯಲ್ಲೋ, ಗಂಡನ ಕೈಯಲ್ಲೋ ಇರೋದೇ ಜಾಸ್ತಿ. ಮೂರೂ ಜನ ಕೇಳೋದು ಒಂದೇ ಪ್ರಶ್ನೆ: ಹಿಸ್ಟರಿ ಎಲ್ಲಿದೆ?

ನಾನು ಓದಿದ್ದು ಬಿ.ಕಾಂ. ಹಾಗಾಗಿ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ನಿಮ್ಮೂರಿನ ಕಿರಾಣಿ ಅಂಗಡೀಲಿ ಉದ್ರಿ ತಗೊಂಡ್ರಿ ಅಂತ ಇಟ್ಕೊಳ್ಳಿ. ನಿಮ್ಮ ಹತ್ರ ಒಂದು ಚೀಟಿ ಇರುತ್ತೆ, ಅಂಗಡಿಯವರ ಹತ್ರ ಒಂದು ಪುಸ್ತಕ ಇರುತ್ತೆ. ನೀವು ಚೀಟಿ ಹರಿದು ಬಿಸಾಕಿದ್ರೆ ಉದ್ರಿ ತೀರೋದಿಲ್ಲ, ಅಲ್ವಾ? ಬ್ರೌಸಿಂಗ್ ಹಿಸ್ಟರೀನೂ ಹಾಗೇ. ಅದು ಒಂದೇ ಕಡೆ ಬರೆದಿರಲ್ಲ. ಒಂದು ಫೋನಿನ ಒಳಗೆ, ಎರಡನೇದು ನಿಮ್ಮ ಖಾತೆಯಲ್ಲಿ, ಮೂರನೇದು ಬೇರೆಯವರ ಹತ್ರ. ಈ ಮೂರೂ ಪುಸ್ತಕಗಳನ್ನ ಒಂದೊಂದಾಗಿ ತೆಗೆದು ನೋಡೋಣ.

ಮೊದಲನೇ ಪುಸ್ತಕ: ಫೋನಿನ ಒಳಗಿನ ಬ್ರೌಸರ್.

ಆಂಡ್ರಾಯ್ಡ್ ಫೋನಲ್ಲಿ ಕ್ರೋಮ್ ತೆಗೀರಿ. ಮೇಲ್ಗಡೆ ಬಲಭಾಗದಲ್ಲಿ ಮೂರು ಚುಕ್ಕಿ ಇದೆ, ಅದನ್ನ ಒತ್ತಿ, 'ಹಿಸ್ಟರಿ' ಅಂತ ಬರುತ್ತೆ. ಫೋನಿನ ಭಾಷೆ ಕನ್ನಡಕ್ಕೆ ಇಟ್ಟಿದ್ರೆ 'ಇತಿಹಾಸ' ಅಂತ ಕಾಣಿಸುತ್ತೆ. ಐಫೋನಲ್ಲಿ ಕ್ರೋಮ್ ಬಳಸೋರಿಗೆ ಆ ಮೂರು ಚುಕ್ಕಿ ಕೆಳಗಡೆ ಇರುತ್ತೆ. ಸಫಾರಿ ಬಳಸೋರು ತೆರೆದ ಪುಸ್ತಕದ ಚಿತ್ರ ಒತ್ತಿ, ಅದರೊಳಗೆ ಗಡಿಯಾರದ ಚಿತ್ರ ನೋಡಿ. ಹೊಸ ಆವೃತ್ತಿಯ ಸಫಾರೀಲಿ ಮೊದಲು ಮೂರು ಚುಕ್ಕಿ ಒತ್ತಿ, ಆಮೇಲೆ ಬುಕ್‌ಮಾರ್ಕ್ಸ್‌ಗೆ ಹೋಗಬೇಕಾಗಬಹುದು. ಫೈರ್‌ಫಾಕ್ಸ್‌ನಲ್ಲಿ ಮೂರು ಚುಕ್ಕಿ, ಸ್ಯಾಮ್‌ಸಂಗ್ ಇಂಟರ್‌ನೆಟ್‌ನಲ್ಲಿ ಮೂರು ಗೆರೆ. ಹೆಸರು ಮಾತ್ರ ಎಲ್ಲಾ ಕಡೆ ಹಿಸ್ಟರೀನೇ.

ಇಲ್ಲಿ ತುಂಬಾ ಜನ ಸಿಕ್ಕಿಹಾಕಿಕೊಳ್ಳೋ ಜಾಗ ಒಂದಿದೆ. ಕ್ರೋಮ್‌ನಲ್ಲಿ ಹುಡುಕ್ತಾರೆ, ಸಿಗಲ್ಲ, "ಡಿಲೀಟ್ ಆಗೋಯ್ತು" ಅಂದ್ಕೊಳ್ತಾರೆ. ಆದ್ರೆ ಆ ಪುಟ ತೆರೆದಿದ್ದು ಕ್ರೋಮ್‌ನಲ್ಲೇ ಅಲ್ಲ. ಒಂದೇ ಫೋನಲ್ಲಿ ಕ್ರೋಮ್ ಇರುತ್ತೆ, ಕಂಪನಿಯವರು ಹಾಕಿ ಕೊಟ್ಟ ಬ್ರೌಸರ್ ಇನ್ನೊಂದು ಇರುತ್ತೆ. ಒಂದರ ಹಿಸ್ಟರಿ ಇನ್ನೊಂದರಲ್ಲಿ ಕಾಣಲ್ಲ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ಲಿಂಕ್ ಒತ್ತಿದ್ರೆ ಅದು ಹೆಚ್ಚಾಗಿ ಆ ಆಪ್‌ನ ಒಳಗೇ ತೆರೆದುಕೊಳ್ಳುತ್ತೆ. ಅದು ಕ್ರೋಮ್‌ನ ಪಟ್ಟಿಗೆ ಬರೋದೇ ಇಲ್ಲ. ಅದಕ್ಕೆ ಆ ಆಪ್‌ಗಳಲ್ಲೇ 'ಲಿಂಕ್ ಹಿಸ್ಟರಿ' ಅಂತ ಒಂದು ಜಾಗ ಇದೆ. ಇನ್‌ಸ್ಟಾಗ್ರಾಂನಲ್ಲಾದ್ರೆ 'ಯುವರ್ ಆಕ್ಟಿವಿಟಿ' ಒಳಗೆ ಹುಡುಕಿ. ಆ ಸೌಲಭ್ಯ ಆನ್ ಇದ್ರೆ 30 ದಿನದೊಳಗೆ ನೋಡಿದ ಲಿಂಕ್‌ಗಳು ಅಲ್ಲಿರುತ್ತೆ. ವಾಟ್ಸಾಪ್ ಗ್ರೂಪಲ್ಲಿ ಬಂದ ಲಿಂಕ್ ಆದ್ರೆ ಇನ್ನೂ ಸುಲಭ. ಗ್ರೂಪಿನ ಹೆಸರು ಒತ್ತಿ, ಮೀಡಿಯಾ, ಲಿಂಕ್ಸ್, ಡಾಕ್ಸ್ ಅಂತ ಬರುತ್ತೆ, ಅದರಲ್ಲಿ ಲಿಂಕ್ಸ್ ನೋಡಿ. ಸಾವಿರ ಗುಡ್ ಮಾರ್ನಿಂಗ್ ಮೆಸೇಜ್ ದಾಟಿಕೊಂಡು ಮೇಲೆ ಹೋಗೋ ಕಷ್ಟ ತಪ್ಪುತ್ತೆ.

ಹಿಸ್ಟರಿ ಒಳಗೆ ಹುಡುಕೋದಕ್ಕೂ ಒಂದು ಉಪಾಯ. ಭೂತಗನ್ನಡಿ ಚಿತ್ರ ಒತ್ತಿ ಪದ ಟೈಪ್ ಮಾಡಿದ್ರೆ, ಅದು ಹುಡುಕೋದು ಪುಟದ ಶೀರ್ಷಿಕೆ ಮತ್ತೆ ವಿಳಾಸದಲ್ಲಿ ಮಾತ್ರ. ಪುಟದ ಒಳಗಿನ ವಿಷಯದಲ್ಲಿ ಹುಡುಕಲ್ಲ. ಅಂದ್ರೆ ನೀವು ಓದಿದ್ದು ರಾಗಿ ಬೆಳೆ ಬಗ್ಗೆ ಅಂತ ಗೊತ್ತು, ಆದ್ರೆ ಶೀರ್ಷಿಕೆಯಲ್ಲಿ 'ಸಿರಿಧಾನ್ಯ' ಅಂತ ಇತ್ತು ಅಂದ್ರೆ 'ರಾಗಿ' ಹಾಕಿದ್ರೆ ಸಿಗಲ್ಲ. ಆಗ ಸೈಟಿನ ಹೆಸರು ಹಾಕಿ ನೋಡಿ, ಕನ್ನಡದಲ್ಲೂ ಹಾಕಿ ನೋಡಿ, ಇಂಗ್ಲಿಷಲ್ಲೂ ಹಾಕಿ ನೋಡಿ. ಇವತ್ತೇ ನೋಡಿ ಮುಚ್ಚಿದ ಪುಟ ಆದ್ರೆ ಹಿಸ್ಟರಿಗೂ ಹೋಗಬೇಕಿಲ್ಲ, ಅದೇ ಮೂರು ಚುಕ್ಕಿ ಒಳಗೆ 'ರೀಸೆಂಟ್ ಟ್ಯಾಬ್ಸ್' ಅಂತ ಇದೆ.

ಇನ್ನೊಂದು ಮುಖ್ಯ ವಿಷಯ, ಕ್ರೋಮ್ ತನ್ನ ಹಿಸ್ಟರಿ ಪಟ್ಟಿಯಲ್ಲಿ ತೋರಿಸೋದು 90 ದಿನದ್ದು ಮಾತ್ರ. ಯುಗಾದಿಗೆ ನೋಡಿದ ಪುಟವನ್ನ ದೀಪಾವಳಿಗೆ ಹುಡುಕಿದ್ರೆ ಅಲ್ಲಿ ಇರಲ್ಲ. ಬೇಕಾಗೋ ಪುಟ ಅಂತ ಅನ್ನಿಸಿದ್ರೆ ಅವತ್ತೇ ಬುಕ್‌ಮಾರ್ಕ್ ಮಾಡ್ಕೊಳ್ಳಿ.

ಎರಡನೇ ಪುಸ್ತಕ: ಖಾತೆ.

ಆಂಡ್ರಾಯ್ಡ್ ಫೋನಲ್ಲಿ ನೀವು ಒಂದು ಜಿಮೇಲ್ ಹಾಕಿ ಲಾಗಿನ್ ಆಗಿರ್ತೀರಿ. ಗೂಗಲ್‌ನಲ್ಲಿ ಏನು ಹುಡುಕಿದ್ರಿ, ಯೂಟ್ಯೂಬಲ್ಲಿ ಏನು ನೋಡಿದ್ರಿ, ಇದೆಲ್ಲ ಆ ಖಾತೆಗೆ ಸೇರಿಕೊಳ್ಳಬಹುದು. ಇದನ್ನ ನೋಡೋ ಜಾಗಕ್ಕೆ 'ಮೈ ಆಕ್ಟಿವಿಟಿ' ಅಂತ ಹೆಸರು. ಗೂಗಲ್ ಆಪ್ ತೆಗೆದು, ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, 'ಸರ್ಚ್ ಹಿಸ್ಟರಿ' ಅಂತ ಆರಿಸಿದ್ರೆ ಅಲ್ಲಿಗೆ ಹೋಗ್ತೀರಿ. ಯಾವ ದಿನ, ಎಷ್ಟು ಗಂಟೆಗೆ ಏನು ಹುಡುಕಿದ್ರಿ ಅನ್ನೋದು ಸಾಲಾಗಿ ಇರುತ್ತೆ. ಮೊದಲ ಸಲ ನೋಡಿದವರು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಡ್ತಾರೆ.

ಇಲ್ಲಿ ಉದ್ರಿ ಚೀಟಿ ಮಾತು ನೆನಪಿಸಿಕೊಳ್ಳಿ. ಬ್ರೌಸರ್‌ನಲ್ಲಿ ಹಿಸ್ಟರಿ ಅಳಿಸಿದ ಮಾತ್ರಕ್ಕೆ 'ಮೈ ಆಕ್ಟಿವಿಟಿ'ಯಲ್ಲಿ ಇರೋ ಹುಡುಕಾಟಗಳು ಹೋಗಲ್ಲ. ಅದನ್ನ ಪ್ರತ್ಯೇಕವಾಗಿ ಅಳಿಸಬೇಕು. 3 ತಿಂಗಳು, 18 ತಿಂಗಳು ಅಥವಾ 36 ತಿಂಗಳು ಹಳೆಯದನ್ನ ತಾನಾಗೇ ಅಳಿಸೋ ಹಾಗೆ ಇಡಬಹುದು. 2020ರ ಜೂನ್‌ನಿಂದ ಈಚೆಗೆ ಹೊಸದಾಗಿ ಮಾಡಿದ ಖಾತೆಗಳಿಗೆ ವೆಬ್ ಮತ್ತು ಆಪ್ ಚಟುವಟಿಕೆ 18 ತಿಂಗಳಿಗೆ ಅಳಿಯೋ ಹಾಗೆ ಮೊದಲೇ ಇಟ್ಟಿರ್ತಾರೆ. ಅದಕ್ಕಿಂತ ಹಳೇ ಖಾತೆ ಇರೋರು ನಾವೇ ಹೋಗಿ ಬದಲಾಯಿಸಬೇಕು. ಹೈಸ್ಕೂಲಲ್ಲಿ ಇದ್ದಾಗ ಮಾಡಿದ ಜಿಮೇಲನ್ನೇ ಇನ್ನೂ ಬಳಸ್ತಾ ಇದ್ರೆ, ದಯವಿಟ್ಟು ಒಂದ್ಸಲ ನೋಡಿ.

ಈಗ ನಾನು ಕೇಳೋ ಪ್ರಶ್ನೆಗೆ ನಿಜವಾದ ಉತ್ತರ ಕೊಡಿ. ನಿಮ್ಮ ಅಮ್ಮನ ಫೋನಲ್ಲಿ ಇರೋ ಜಿಮೇಲ್ ಯಾರದ್ದು?

ನಮ್ಮ ಕಡೆ ಇದು ಹೇಗೆ ನಡೆಯುತ್ತೆ ಅಂತ ನಿಮಗೂ ಗೊತ್ತು. ಹೊಸ ಫೋನ್ ತಗೋತೀವಿ, ಮೊಬೈಲ್ ಅಂಗಡಿ ಹುಡುಗ "ಜಿಮೇಲ್ ಹೇಳಿ" ಅಂತಾನೆ. ಅಮ್ಮನ ಹತ್ರ ಇರಲ್ಲ. ಅಣ್ಣನ ಜಿಮೇಲ್ ಹಾಕ್ತಾರೆ, ಇಲ್ಲ ಅಂದ್ರೆ ಅಂಗಡಿಯವನೇ ಒಂದು ಮಾಡಿ ಕೊಡ್ತಾನೆ, ಪಾಸ್‌ವರ್ಡ್ ಅವನಿಗೇ ಗೊತ್ತು. ಅಲ್ಲಿಂದ ಮುಂದೆ ಆ ಫೋನಲ್ಲಿ ಹುಡುಕಿದ್ದು ಯಾರ ಪುಸ್ತಕದಲ್ಲಿ ಬರೆಯುತ್ತೆ? ಆ ಜಿಮೇಲ್ ಯಾರ ಕೈಯಲ್ಲಿ ಇದೆಯೋ ಅವರ ಪುಸ್ತಕದಲ್ಲಿ. ಕ್ರೋಮ್‌ನಲ್ಲಿ ಸಿಂಕ್ ಆನ್ ಇದ್ರೆ, ತಂಗಿ ತನ್ನ ಫೋನಲ್ಲಿ ನೋಡಿದ ಪುಟ ಅಣ್ಣನ ಲ್ಯಾಪ್‌ಟಾಪ್‌ನ ಹಿಸ್ಟರೀಲಿ ಕಾಣಿಸಬಹುದು. ಅವನು ಗೂಢಚಾರಿಕೆ ಮಾಡಬೇಕು ಅಂತಾನೂ ಇಲ್ಲ, ಅದು ತಾನಾಗೇ ಬಂದು ಕೂತಿರುತ್ತೆ.

ಇದನ್ನ ಪರೀಕ್ಷೆ ಮಾಡೋದು ಎರಡು ನಿಮಿಷದ ಕೆಲಸ. ಕ್ರೋಮ್‌ನ ಸೆಟ್ಟಿಂಗ್ಸ್ ತೆಗೀರಿ, ಮೇಲೇ ಖಾತೆಯ ಹೆಸರು ಇರುತ್ತೆ. ಅದು ನಿಮ್ಮದಾ ನೋಡಿ. ಆಮೇಲೆ ಗೂಗಲ್ ಖಾತೆಯ ಸೆಕ್ಯುರಿಟಿ ವಿಭಾಗದಲ್ಲಿ 'ಯುವರ್ ಡಿವೈಸಸ್' ನೋಡಿ. ಗುರುತಿಲ್ಲದ ಫೋನೋ, ಮಾರಿದ ಹಳೇ ಫೋನೋ ಅಲ್ಲಿದ್ರೆ ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಾಯಿಸಿ.

ಮೂರನೇ ಪುಸ್ತಕ: ಬೇರೆಯವರ ಹತ್ರ ಇರೋದು.

ಇದು ಇನ್‌ಕಾಗ್ನಿಟೋ ಮಂತ್ರ ನಂಬಿರೋರಿಗೆ. ಟೋಪಿ, ಕನ್ನಡಕ ಹಾಕಿರೋ ಆ ಚಿತ್ರ ನೋಡಿದ್ರೆ ನಾವು ಮಾಯ ಆಗ್ತೀವಿ ಅನ್ನಿಸುತ್ತೆ. ಅದು ಮಾಡೋ ಕೆಲಸ ಇಷ್ಟೇ: ಆ ಕಿಟಕಿ ಮುಚ್ಚಿದ ಮೇಲೆ ಮೊದಲನೇ ಪುಸ್ತಕದಲ್ಲಿ, ಅಂದ್ರೆ ನಿಮ್ಮ ಫೋನಲ್ಲಿ, ಬರೆದಿಡಲ್ಲ. ನೀವು ಹೋದ ವೆಬ್‌ಸೈಟಿಗೆ ನೀವು ಬಂದಿದ್ದು ಗೊತ್ತಾಗುತ್ತೆ. ಕಾಲೇಜಿನ ವೈಫೈ ಆದ್ರೆ ಅದನ್ನ ನಡೆಸೋರಿಗೆ, ಮೊಬೈಲ್ ಡೇಟಾ ಆದ್ರೆ ಸಿಮ್ ಕಂಪನಿಗೆ ಯಾವ ಸೈಟಿಗೆ ಹೋದ್ರಿ ಅಂತ ಗೊತ್ತಾಗಬಹುದು. ಸೈಟಿನ ವಿಳಾಸ ಎಚ್‌ಟಿಟಿಪಿಎಸ್ ಅಂತ ಶುರು ಆಗ್ತಿದ್ರೆ ಅದರೊಳಗೆ ಯಾವ ಪುಟ ಓದಿದ್ರಿ ಅನ್ನೋದು ಅವರಿಗೆ ಕಾಣಲ್ಲ, ಸೈಟಿನ ಹೆಸರು ಮಾತ್ರ ಕಾಣಬಹುದು. ಲಕೋಟೆ ಮೇಲಿನ ವಿಳಾಸ ಪೋಸ್ಟ್‌ಮ್ಯಾನ್‌ಗೆ ಕಾಣುತ್ತೆ, ಒಳಗಿನ ಕಾಗದ ಕಾಣಲ್ಲ. ಹಾಗೆ.

ಈ ಇನ್‌ಕಾಗ್ನಿಟೋ ಬಗ್ಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2020ರಲ್ಲಿ ಗೂಗಲ್ ಮೇಲೆ ಕೇಸು ಹಾಕಿದ್ರು. ಖಾಸಗಿ ಅಂತ ಹೇಳಿ ಮಾಹಿತಿ ಸಂಗ್ರಹ ಮಾಡ್ತಾ ಇದ್ದೀರಿ ಅನ್ನೋದು ದೂರು. 2024ರಲ್ಲಿ ರಾಜಿ ಆಯ್ತು. ಕೋಟ್ಯಂತರ ದಾಖಲೆಗಳನ್ನ ಅಳಿಸೋಕೆ, ಜೊತೆಗೆ ಇನ್‌ಕಾಗ್ನಿಟೋ ತೆರೆದಾಗ ಬರೋ ಎಚ್ಚರಿಕೆ ಮಾತನ್ನ ಇನ್ನೂ ಸ್ಪಷ್ಟ ಮಾಡೋಕೆ ಕಂಪನಿ ಒಪ್ಪಿಕೊಂಡಿತು. ಆ ಎಚ್ಚರಿಕೆ ಮಾತು ನಾವ್ಯಾರೂ ಓದಲ್ಲ. ಮುಂದಿನ ಸಲ ಓದಿ, ನಾಲ್ಕೈದು ಸಾಲು ಅಷ್ಟೇ.

ನಮ್ಮ ದೇಶದಲ್ಲಿ 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಪರವಾನಗಿ ನಿಯಮ ತಿದ್ದಿದೆ. ಕರೆಗಳ ದಾಖಲೆ, ಇಂಟರ್‌ನೆಟ್ ಸಂಪರ್ಕದ ದಾಖಲೆಗಳನ್ನ ಕಂಪನಿಗಳು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕು. ಮೊದಲು ಒಂದು ವರ್ಷ ಇತ್ತು. ಅಂದ್ರೆ ನಾವು ಇಲ್ಲಿ ಡಿಲೀಟ್ ಒತ್ತಿದ್ರೂ ಅಲ್ಲಿನ ಪುಸ್ತಕ ಅಲ್ಲೇ ಇರುತ್ತೆ.

ಸರಿ, ಮೂರು ಪುಸ್ತಕ ನೋಡಿದ್ವಿ. ಈಗ ಇದರಿಂದ ಏನು ಉಪಯೋಗ ಅನ್ನೋದಕ್ಕೆ ಬರೋಣ.

ಮೊದಲು ದುಡ್ಡಿನ ವಿಷಯ. ಮೋಸ ಹೋದವರು ಗಾಬರಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಲ್ಲಿ, ಮೊದಲು ಮಾಡೋ ಕೆಲಸ ಏನು ಗೊತ್ತಾ? ಎಲ್ಲಾ ಅಳಿಸಿಬಿಡೋದು. ಮನೇಲಿ ಗೊತ್ತಾದ್ರೆ ಬೈತಾರೆ ಅಂತ ಮೆಸೇಜು, ಹಿಸ್ಟರಿ ಎಲ್ಲಾ ಕ್ಲಿಯರ್. ದಯವಿಟ್ಟು ಹಾಗೆ ಮಾಡಬೇಡಿ. ಆಡಿಟ್ ಮಾಡೋರು ವೋಚರ್ ಕೇಳ್ತಾರೆ, ವೋಚರ್ ಸುಟ್ಟು ಹಾಕಿ "ನನಗೆ ನಷ್ಟ ಆಗಿದೆ" ಅಂದ್ರೆ ಕೆಲಸ ಕಷ್ಟ ಆಗುತ್ತೆ. ಹಿಸ್ಟರಿ ನಿಮ್ಮ ವೋಚರ್.

ಮೊದಲು 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಗೆ ಇರೋ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ಹೇಳ್ತೀರೋ, ದುಡ್ಡು ಮುಂದಿನ ಖಾತೆಗಳಿಗೆ ದಾಟೋ ಮೊದಲೇ ತಡೆಯೋ ಸಾಧ್ಯತೆ ಅಷ್ಟು ಹೆಚ್ಚು. ಬ್ಯಾಂಕಿಗೂ ತಿಳಿಸಿ. ಆಮೇಲೆ ಹಿಸ್ಟರಿ ತೆಗೆದು ಆ ದಿನದ ಪಟ್ಟಿಯ ಸ್ಕ್ರೀನ್‌ಶಾಟ್ ತಗೊಳ್ಳಿ. ಆ ಸೈಟನ್ನ ಮತ್ತೆ ತೆರೆಯೋಕೆ ಹೋಗಬೇಡಿ, ಹೆಸರು ಸಿಕ್ಕರೆ ಸಾಕು. 'ಮೈ ಆಕ್ಟಿವಿಟಿ'ಯಲ್ಲಿ ಆ ಹೊತ್ತಿಗೆ ಏನು ಹುಡುಕಿದ್ರಿ ಅನ್ನೋದರ ಸಮಯ ಸಿಗುತ್ತೆ, ಅದರದ್ದೂ ಸ್ಕ್ರೀನ್‌ಶಾಟ್ ತಗೊಳ್ಳಿ. ಯುಪಿಐಯಲ್ಲಿ ಕಟ್ಟಿದ್ರೆ ಆ 12 ಅಂಕಿಯ ರೆಫರೆನ್ಸ್ ನಂಬರ್ ಬರೆದಿಟ್ಕೊಳ್ಳಿ. ಇವೆಲ್ಲ ಕೈಯಲ್ಲಿ ಇಟ್ಕೊಂಡು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಕೊಡಿ. ಇನ್‌ಕಾಗ್ನಿಟೋದಲ್ಲಿ ತೆರೆದಿದ್ರೆ ಹಿಸ್ಟರಿ ಇರಲ್ಲ, ಆದ್ರೆ ಲಿಂಕ್ ಬಂದ ಎಸ್‌ಎಂಎಸ್ ಇರುತ್ತೆ, ಪೇಮೆಂಟ್ ಆಪ್‌ನ ದಾಖಲೆ ಇರುತ್ತೆ. ಅವನ್ನ ಉಳಿಸಿಕೊಳ್ಳಿ.

ಹಿಸ್ಟರೀಲಿ ಸೈಟಿನ ಹೆಸರು ಓದೋದು ಹೇಗೆ? ಹಿಂದಿನಿಂದ ಓದಿ. ಅಂದ್ರೆ ವಿಳಾಸದಲ್ಲಿ ಮೊದಲ ಓರೆ ಗೆರೆ ಬರೋ ಜಾಗದಿಂದ ಎಡಗಡೆಗೆ ಬನ್ನಿ. ನಮ್ಮ ರಾಜ್ಯ ಸರ್ಕಾರದ ಸೈಟ್‌ಗಳು ಸಾಮಾನ್ಯವಾಗಿ ಅಲ್ಲಿ ಗವ್ ಡಾಟ್ ಇನ್ ಅಂತಾನೋ, ನಿಕ್ ಡಾಟ್ ಇನ್ ಅಂತಾನೋ ಮುಗಿಯುತ್ತೆ. ಹೆಸರಿನ ಮಧ್ಯದಲ್ಲಿ 'ಕರ್ನಾಟಕ', 'ಗವ್', 'ಸ್ಕಾಲರ್‌ಶಿಪ್' ಎಲ್ಲಾ ಸೇರಿಸಿ ಕೊನೆಗೆ ಡಾಟ್ ಕಾಮ್ ಅಂತ ಇದ್ರೆ, ಅಂಥ ಹೆಸರನ್ನ ದುಡ್ಡು ಕೊಟ್ಟು ಯಾರು ಬೇಕಾದ್ರೂ ತಗೋಬಹುದು. ಬ್ಯಾಂಕ್‌ಗಳಿಗೂ ಈಗ ಒಂದು ಗುರುತು ಇದೆ. 2025ರ ಅಕ್ಟೋಬರ್ 31ರ ಒಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಅನ್ನೋ ವಿಳಾಸಕ್ಕೆ ಬದಲಾಗಿ ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕ್‌ಗಳಿಗೆ ಹೇಳಿತ್ತು. ನಿಮ್ಮ ಹಿಸ್ಟರೀಲಿ ಬ್ಯಾಂಕ್ ಹೆಸರಿನ ಸೈಟು ಇದ್ದು ಕೊನೆ ಬೇರೆ ಥರ ಇದ್ರೆ ಎರಡು ಸಲ ನೋಡಿ.

ಇನ್ನು ಎರಡನೇ ವಿಷಯ, ಇದು ನನಗೆ ಹೆಚ್ಚು ಮುಖ್ಯ. ನಿಮ್ಮ ಹಿಸ್ಟರಿ ಬೇರೆಯವರು ನೋಡೋದು.

ಒಬ್ಬ ಹುಡುಗಿ ಮುಟ್ಟಿನ ತೊಂದರೆ ಬಗ್ಗೆ ಹುಡುಕ್ತಾಳೆ. ಒಬ್ಬ ಹುಡುಗ ನಿದ್ದೆ ಬರ್ತಿಲ್ಲ, ಬದುಕೋಕೆ ಮನಸ್ಸಿಲ್ಲ ಅಂತ ಹುಡುಕ್ತಾನೆ. ಯಾರೋ ಬೇರೆ ಊರಲ್ಲಿ ಪಿಜಿ ಹುಡುಕ್ತಾರೆ, ಇನ್ಯಾರೋ ಗಂಡ ಹೊಡೆದ್ರೆ ಎಲ್ಲಿಗೆ ಹೋಗಬೇಕು ಅಂತ ಹುಡುಕ್ತಾರೆ. ಬಾಯಿಬಿಟ್ಟು ಯಾರ ಹತ್ರಾನೂ ಕೇಳೋಕೆ ಆಗದೇ ಇದ್ದಿದ್ದನ್ನೇ ಅಲ್ವಾ ನಾವು ಅಲ್ಲಿ ಕೇಳೋದು? ಅದನ್ನ ಮನೇಲಿ ಒಬ್ಬರು ಕಿತ್ತುಕೊಂಡು ಓದಿದ್ರೆ, ಆ ಹುಡುಗಿ ಮುಂದಿನ ಸಲ ಹುಡುಕೋದೇ ಇಲ್ಲ. ತೊಂದರೆ ಮಾತ್ರ ಹಾಗೇ ಉಳಿಯುತ್ತೆ.

ನಿಮಗೆ ಗೊತ್ತಿರಬಹುದು, ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಕೇಸಿಗೆ ಹೆಸರು ಬಂದಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಆಧಾರ್ ವಿಷಯವಾಗಿ ಅರ್ಜಿ ಹಾಕಿದಾಗ ಅವರಿಗೆ 80 ವರ್ಷ ದಾಟಿತ್ತು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಆದ್ರೆ ಆ ಕಾಯ್ದೆ ಕಂಪನಿಗಳು, ಸಂಸ್ಥೆಗಳ ಬಗ್ಗೆ. ಒಬ್ಬ ವ್ಯಕ್ತಿ ವೈಯಕ್ತಿಕ ಅಥವಾ ಮನೆಯ ಉದ್ದೇಶಕ್ಕೆ ಮಾಡೋದಕ್ಕೆ ಅದು ಅನ್ವಯಿಸಲ್ಲ ಅಂತ ಅದರಲ್ಲೇ ಬರೆದಿದೆ. ಹಾಗಾಗಿ ಅಣ್ಣ ತಂಗಿ ಫೋನ್ ನೋಡೋದನ್ನ ಈ ಕಾಯ್ದೆ ತಡೆಯಲ್ಲ. ಅದನ್ನ ತಡೀಬೇಕಾಗಿರೋದು ಮನೆಯೊಳಗಿನ ಮರ್ಯಾದೆ.

ಹಾಗಾದ್ರೆ ಏನು ಮಾಡಬಹುದು? ಒಂದು, ನಿಮ್ಮ ಫೋನಲ್ಲಿ ನಿಮ್ಮದೇ ಜಿಮೇಲ್ ಇರಲಿ. ಎರಡು, 'ಮೈ ಆಕ್ಟಿವಿಟಿ' ತೆರೆಯೋಕೆ ಪಾಸ್‌ವರ್ಡ್ ಕೇಳೋ ಹಾಗೆ ಇಡೋ ಸೌಲಭ್ಯ ಅದರಲ್ಲೇ ಇದೆ, ಆನ್ ಮಾಡಿ. ಮೂರು, ಕ್ರೋಮ್‌ನ ಪ್ರೈವಸಿ ವಿಭಾಗದಲ್ಲಿ ಇನ್‌ಕಾಗ್ನಿಟೋ ಟ್ಯಾಬ್‌ಗಳಿಗೆ ಲಾಕ್ ಹಾಕಬಹುದು. ನಾಲ್ಕು, ಅಳಿಸಬೇಕು ಅಂದ್ರೆ ಒಂದೊಂದೇ ಪುಟ ಅಳಿಸಬಹುದು. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಕಳೆದ 15 ನಿಮಿಷದ್ದು ಮಾತ್ರ ಅಳಿಸೋ ಆಯ್ಕೇನೂ ಇದೆ.

ಈ ನಾಲ್ಕನೇದನ್ನ ಒತ್ತಿ ಹೇಳೋಕೆ ಕಾರಣ ಇದೆ. ಮನೇಲಿ ಹಿಂಸೆ ಇದ್ದು, ಫೋನ್ ದಿನಾ ಪರೀಕ್ಷೆ ಆಗೋ ಹೆಣ್ಣುಮಕ್ಕಳಿಗೆ, ಪೂರ್ತಿ ಖಾಲಿ ಹಿಸ್ಟರಿ ಕೂಡ ಅಪಾಯ. "ಏನು ಮುಚ್ಚಿಡ್ತಾ ಇದ್ದೀಯ" ಅಂತ ಶುರು ಆಗುತ್ತೆ. ಅಂಥವರು ಬೇಕಾದ ಒಂದೆರಡು ಪುಟ ಮಾತ್ರ ತೆಗೆದು, ಅಡುಗೆ, ಧಾರಾವಾಹಿ, ಹವಾಮಾನ ಎಲ್ಲಾ ಹಾಗೇ ಬಿಡೋದು ಒಳ್ಳೇದು. ಸಾಧ್ಯ ಆದ್ರೆ ನಂಬಿಕೆ ಇರೋ ಗೆಳತಿ ಫೋನಿಂದ ಹುಡುಕಿ. ಮಹಿಳಾ ಸಹಾಯವಾಣಿ ನಂಬರ್ 181. ಅದಕ್ಕೆ ಫೋನ್ ಮಾಡಿದ್ದು ಕಾಲ್ ಲಾಗ್‌ನಲ್ಲಿ ಉಳಿಯುತ್ತೆ ಅನ್ನೋದೂ ನೆನಪಿರಲಿ. ಮನಸ್ಸು ತುಂಬಾ ಭಾರ ಆಗಿರೋ ಯಾರಾದ್ರೂ ಇದನ್ನ ಕೇಳ್ತಾ ಇದ್ರೆ, ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮನೇಲಿ ಫೋನ್ ವಿಷಯ ಗೊತ್ತಿರೋ ಹುಡುಗ, ಹುಡುಗಿ ನೀವೇ ಆಗಿದ್ರೆ, ನಿಮಗೊಂದು ಮಾತು. ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಫೋನ್ ಸರಿ ಮಾಡೋಕೆ ನಿಮ್ಮ ಕೈಗೇ ಕೊಡ್ತಾರೆ. ಅವರ ಹಿಸ್ಟರಿ ನಿಮಗೆ ಕಣ್ಣಿಗೆ ಬೀಳುತ್ತೆ. ಅಪ್ಪ ಮೊಣಕಾಲು ನೋವಿಗೆ ಏನು ಹುಡುಕಿದ್ರು, ಅಮ್ಮ ಚಿನ್ನದ ಸಾಲದ ಬಡ್ಡಿ ಎಷ್ಟು ಸಲ ನೋಡಿದ್ರು ಅಂತ ಗೊತ್ತಾದ್ರೆ ಅದನ್ನ ಊಟದ ಹೊತ್ತಲ್ಲಿ ತಮಾಷೆ ಮಾಡಬೇಡಿ. ಆ ಪುಸ್ತಕ ಅವರದ್ದು. ಅವರಿಗೆ ನೋಡೋದು ಹೇಗೆ, ಅಳಿಸೋದು ಹೇಗೆ ಅಂತ ಕಲಿಸಿಕೊಡಿ, ಆಮೇಲೆ ಫೋನ್ ವಾಪಸ್ ಅವರ ಕೈಗೆ ಕೊಡಿ.

ಇವತ್ತಿನ ಹೋಂವರ್ಕ್ ಒಂದೇ. ಈ ಭಾನುವಾರ ಅಮ್ಮನ ಪಕ್ಕದಲ್ಲಿ ಕೂತು, ಅವರ ಫೋನಲ್ಲಿ ಯಾರ ಜಿಮೇಲ್ ಇದೆ ಅಂತ ಅವರಿಗೇ ತೋರಿಸಿ. ಬೇರೆಯವರದ್ದಾದ್ರೆ ಅವರ ಹೆಸರಲ್ಲಿ ಹೊಸದು ಮಾಡಿ, ಪಾಸ್‌ವರ್ಡ್ ಅವರಿಗೆ ನೆನಪಿರೋ ಥರ ಅವರೇ ಇಡಲಿ. ನೀವು ಆ ಕಡೆ ತಿರುಗಿಕೊಳ್ಳಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.